ಹೂವು ಸಾಕು, ಕಾಗದ ತೋರಿಸಿ: ಗೆಂಜಿಯ ಮೇಲೆ ಬರೆದವರಿಗೊಂದು ಉತ್ತರ

ನಮಸ್ಕಾರ.

ಜಪಾನಿನ ಹಳೆಯ ಅರಮನೆ ಸಾಹಿತ್ಯ, ಮುಖ್ಯವಾಗಿ ಮುರಸಕಿ ಶಿಕಿಬು ಎಂಬ ಲೇಖಕಿಯ ‘ಗೆಂಜಿ’ ಕಥೆ, ಮತ್ತು ಅದರ ಪ್ರಭಾವದ ಮೇಲೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಆರನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಕಥಾನಾಯಕ ಗೆಂಜಿ ಕಾಗದದ ಬಣ್ಣ ಆರಿಸುತ್ತಾನೆ, ಪದ್ಯ ಬರೆದು ಮಡಿಸಿ ಒಂದು ಕೊಂಬೆಗೆ ಕಟ್ಟಿ ಕಳಿಸುತ್ತಾನೆ. ನಿಮ್ಮ ಲೇಖನ ಇರುವುದೇ ಅಲ್ಲಿ. ಉಳಿದದ್ದು ಬಹುಪಾಲು ಅದನ್ನು ಮುಚ್ಚಿ ಕೂತಿದೆ.

ಮೊದಲು ತಪ್ಪುಗಳು. ಈ ಸಾಹಿತ್ಯ ಹುಟ್ಟಿದ ಹೇಅನ್ ಕಾಲವೆಂದರೆ 794ರಿಂದ 1185. ಮುರಸಕಿ ಶಿಕಿಬು ತನ್ನ ಕಥೆ ಬರೆಯುತ್ತಿದ್ದದ್ದು 1008ರ ಆಸುಪಾಸಿನಲ್ಲಿ. ನಿಮ್ಮ ಮೊದಲ ಮೂರು ಪುಟಗಳನ್ನು ತುಂಬಿರುವ ಗೇಶಾ, ಕಬುಕಿ, ಹೈಕು ಅದಕ್ಕಿಂತ ಸುಮಾರು ಆರೇಳು ನೂರು ವರ್ಷ ಈಚಿನವು. ಆ ಪುಟಗಳನ್ನು ತಿದ್ದಬೇಡಿ, ತೆಗೆದುಹಾಕಿ. ಅದೇ ಕಾಲದ ಇನ್ನೊಬ್ಬ ಲೇಖಕಿ ಸೇ ಶೋನಗೊನ್ ಮತ್ತು ಮುರಸಕಿ ಅರಮನೆಯಲ್ಲಿ ಎದುರಾಗಿ ಜಗಳವಾಡಿದರೆಂದು ಬರೆದಿದ್ದೀರಿ. ಶೋನಗೊನ್ ಸೇವೆಯಲ್ಲಿದ್ದ ರಾಣಿ ತೇಶಿ ತೀರಿಕೊಂಡದ್ದು 1001ರ ಆರಂಭದಲ್ಲಿ. ಮುರಸಕಿ ಇನ್ನೊಬ್ಬ ರಾಣಿ ಶೋಶಿಯ ಬಳಿಗೆ ಬಂದದ್ದು ಅದಾಗಿ ಐದಾರು ವರ್ಷಕ್ಕೆ. ಮುರಸಕಿ ತನ್ನ ದಿನಚರಿಯಲ್ಲಿ ಶೋನಗೊನಳನ್ನು ಕಟುವಾಗಿ ಟೀಕಿಸಿದ್ದಾಳೆ, ಅಷ್ಟೇ. ಭೇಟಿಗೆ ಆಧಾರವಿಲ್ಲ.

‘ಜಗತ್ತಿನ ಮೊಟ್ಟಮೊದಲ ಕಾದಂಬರಿ’ ಎಂಬ ಮಾತು ಐದು ಕಡೆ ಬರುತ್ತದೆ. ಕನ್ನಡದಲ್ಲಿ ಇದನ್ನು ಬರೆಯುವವರು ಒಂದು ಕ್ಷಣ ನಿಲ್ಲಬೇಕು. ಕಾದಂಬರಿ ಎಂಬ ಪದವೇ ನಮಗೆ ಬಂದದ್ದು ಏಳನೆಯ ಶತಮಾನದ ಬಾಣನ ಗದ್ಯಕೃತಿಯಿಂದ. 54 ಅಧ್ಯಾಯಗಳ ಉದ್ದಕ್ಕೂ ಪಾತ್ರಗಳ ವಯಸ್ಸು, ನೆನಪು, ಪಶ್ಚಾತ್ತಾಪ ಬಹುಮಟ್ಟಿಗೆ ಲೆಕ್ಕ ತಪ್ಪದೆ ಬೆಳೆಯುತ್ತವೆ ಎಂದು ತೋರಿಸಿಕೊಟ್ಟರೆ ಸಾಕು, ‘ಮೊದಲ’ ಎನ್ನುವ ಪಟ್ಟದ ಹಂಗಿಲ್ಲ. ಪಂಪನ ಜೊತೆಗಿನ ಹೋಲಿಕೆಯೂ ಬೇಡ. ಶತಮಾನ ಹತ್ತಿರದ್ದು ಎಂಬುದು ಬಿಟ್ಟರೆ ನಂಟಿಲ್ಲ. ನಿಜವಾದ ನಂಟೇ ಬೇಕೆಂದರೆ ಜಪಾನಿ ಅಕ್ಷರಗಳ ಸಾಲು ನೋಡಿ: ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಂಸ್ಕೃತದ ವರ್ಣಮಾಲೆ ಕಲಿತದ್ದರ ಗುರುತು ಅದು.

ಹೆಸರುಗಳನ್ನು ಇಂಗ್ಲಿಷಿನ ಮೂಲಕ ತಂದಿದ್ದೀರಿ. ಕಥೆ ಎಂಬರ್ಥದ ಪದ ‘ಮೋನೋಗಟಾರಿ’ ಆದದ್ದು ಹಾಗೆ. ಹ್ರಸ್ವ ಎ, ಒ ಮತ್ತು ದಂತ್ಯ ತ ನಮ್ಮಲ್ಲೇ ಇವೆ. ‘ಮೊನೊಗತರಿ’ ಎಂದು ಬರೆದರೆ ಮೂಲಕ್ಕೆ ಹತ್ತಿರ. ಆ ಕಾಲದ ಐದು ಸಾಲಿನ ಪದ್ಯದ ಹೆಸರು ‘ವಾಕಾ’ ಅಲ್ಲ, ‘ವಕ’. ಅದರಲ್ಲಿ 31 ‘ಅಕ್ಷರ’ ಎಂದಿದ್ದೀರಿ, ಮಾತ್ರೆ ಎನ್ನಿ. ‘ಶೋನಗೊನ್’ ನಮ್ಮ ಬಾಯಲ್ಲಿ ಮೂರು ಅಕ್ಷರ, ಜಪಾನಿ ಕಿವಿಗೆ ಐದು. ಗುರು ಲಘು ಹಾಕಿ ನೋಡಿ: ಶೋ ಎರಡು, ನ ಒಂದು, ಗೊನ್ ಎರಡು. ವಕದ ಸಾಲುಗಳ 5-7-5-7-7ರ ಲೆಕ್ಕವನ್ನು ಕನ್ನಡ ಓದುಗರಿಗೆ ತಿಳಿಸಲು ಬೇರೆ ವಿವರಣೆ ಬೇಕಿಲ್ಲ.

ಇನ್ನು ಆ ಆರನೆಯ ಪುಟ. ಅರಮನೆಯ ಹೆಂಗಸರು ಪರದೆಯ ಹಿಂದಿರುತ್ತಿದ್ದರು, ಗಂಡಸಿಗೆ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕೈಬರಹ, ಮಸಿಯ ದಟ್ಟ-ತೆಳು, ಕಾಗದದ ಬಣ್ಣ, ಅದಕ್ಕೆ ಹಿಡಿಸಿದ ಧೂಪದ ವಾಸನೆ. ರಾತ್ರಿ ಬಂದವನು ಬೆಳಗಾಗುವ ಮೊದಲೇ ಹೊರಟು, ಮನೆ ಸೇರಿದ ಕೂಡಲೇ ಪದ್ಯವಿರುವ ಕಾಗದ ಕಳಿಸಬೇಕು. ತಡವಾದರೆ ಮನಸ್ಸಿಲ್ಲ ಎಂದೇ ಅರ್ಥ. ಸತತ ಮೂರು ರಾತ್ರಿ ಬಂದು, ಮೂರನೆಯ ರಾತ್ರಿ ಮೊಚಿ ಎಂಬ ಅಕ್ಕಿಯ ಕಡುಬು ತಿಂದರೆ ಮದುವೆ. ಇಷ್ಟು ತಿಳಿದರೆ ಗೆಂಜಿಯ ಸುಮಾರು 795 ಪದ್ಯಗಳು ಕಥೆಯಲ್ಲಿ ಏನು ಕೆಲಸ ಮಾಡುತ್ತವೆ ಎಂಬುದು ಗೊತ್ತಾಗುತ್ತದೆ. ನಮ್ಮ ಚಂಪುವಿನಲ್ಲೂ ಗದ್ಯ ಪದ್ಯ ಬೆರೆತಿವೆ, ಆದರೆ ಅಲ್ಲಿ ಪದ್ಯ ಹೆಚ್ಚಾಗಿ ಕವಿಯದು. ಗೆಂಜಿಯಲ್ಲಿ ಅದು ಪಾತ್ರಗಳು ಒಬ್ಬರಿಗೊಬ್ಬರು ಆಡುವ ಮಾತು, ಬರೆಯುವ ಕಾಗದ. ಯೂಗವೊ ಅಧ್ಯಾಯವನ್ನು ತೆಗೆದುಕೊಳ್ಳಿ: ಬಳ್ಳಿಯ ಬಿಳಿ ಹೂವನ್ನು ಇಟ್ಟುಕೊಡಲು ಒಳಗಿನಿಂದ ಬಂದ ಪರಿಮಳದ ಬೀಸಣಿಗೆಯ ಮೇಲೆ ಒಂದು ಪದ್ಯ. ಆ ಮನೆಯ ಹೆಣ್ಣಿನ ಸಾವಿನಲ್ಲಿ ಮುಗಿಯುವ ಇಡೀ ಅನಾಹುತ ಅಲ್ಲಿಂದ ಶುರು. ನೀವು ಈ ಅಧ್ಯಾಯದ ಸಾರಾಂಶ ಕೊಟ್ಟಿದ್ದೀರಿ, ಬೀಸಣಿಗೆಯನ್ನೇ ಬಿಟ್ಟಿದ್ದೀರಿ!

ಅನುವಾದದಲ್ಲೂ ಇದೇ ಲೋಪ. ಹಳೆಯ ಕವಿ ಯುಕಿಹಿರನ ಪದ್ಯದ ‘ಮತ್ಸು’ ನಿಮ್ಮಲ್ಲಿ ಬರೀ ಪೈನ್ ಮರ. ಅದೇ ಪದಕ್ಕೆ ‘ಕಾಯುವುದು’ ಎಂಬ ಅರ್ಥವೂ ಇದೆ. ಬೆಟ್ಟದ ಮೇಲಿನ ಆ ಮರವೇ ಕಾದು ನಿಂತವರ ಮಾತಾಗುತ್ತದೆ. ಶ್ಲೇಷೆ ಓದಿ ಬಂದ ಕನ್ನಡಿಗರಿಗೆ ಇದು ಹೊಸದಲ್ಲ. ಎರಡೂ ಅರ್ಥವನ್ನು ಪದ್ಯದೊಳಗೇ ತುರುಕಿದರೆ ಅದು ಒಡೆಯುತ್ತದೆ. ಒಂದನ್ನು ಪದ್ಯದಲ್ಲಿಡಿ, ಇನ್ನೊಂದನ್ನು ಹಿಂದಿನ ಗದ್ಯದ ಸಾಲಿನಲ್ಲಿ ಹೇಳಿಬಿಡಿ. ಅಡಿಟಿಪ್ಪಣಿ ಬೇಡ.

ಪ್ರಭಾವದ ಭಾಗದಲ್ಲಿ ‘ನೋ’ ಎಂಬ ಹಳೆಯ ನಾಟಕ, ಚಿತ್ರಸುರುಳಿ, ಗೆಂಜಿಯ ಚಿತ್ರವಿರುವ 2000 ಯೆನ್ ನೋಟು ಎಲ್ಲವನ್ನೂ ಪಟ್ಟಿ ಮಾಡಿದ್ದೀರಿ. ಯಾಕೆ ಉಳಿಯಿತು ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಒಂದೇ ಎಳೆ ಹಿಡಿಯಿರಿ. 1193ರ ಪದ್ಯಸ್ಪರ್ಧೆಯಲ್ಲಿ ತೀರ್ಪುಗಾರನಾಗಿದ್ದ ಕವಿ ಶುನ್‌ಜೇ, ಗೆಂಜಿ ಓದದ ಕವಿಯ ಬಗ್ಗೆ ವಿಷಾದ ಎಂಬರ್ಥದ ಮಾತು ಬರೆದ. ಅಲ್ಲಿಂದ ಗೆಂಜಿ ಕವಿಗಳ ಪಠ್ಯವಾಯಿತು. ಅವನ ಮಗ ತೇಕ ಗೆಂಜಿಯ ಪ್ರತಿ ಸಿದ್ಧಪಡಿಸಿದ. ನೂರು ಕವಿಗಳ ನೂರು ಪದ್ಯಗಳ ಸಂಕಲನವೂ ಅವನದೇ ಎನ್ನುತ್ತಾರೆ. ಅದರಲ್ಲಿ 57ನೆಯದು ಮುರಸಕಿಯದು, 62ನೆಯದು ಶೋನಗೊನಳದು. ಇವತ್ತಿಗೂ ಜಪಾನಿನಲ್ಲಿ ಹೊಸ ವರ್ಷಕ್ಕೆ ಈ ನೂರು ಪದ್ಯಗಳ, ಇಸ್ಪೀಟಿನಂಥ ಎಲೆಯಾಟವಿದೆ. ಒಬ್ಬರು ಪದ್ಯದ ಮೊದಲರ್ಧ ಓದುತ್ತಾರೆ, ಆಡುವವರು ಉತ್ತರಾರ್ಧ ಬರೆದ ಎಲೆಯನ್ನು ಹೊಡೆದು ಎತ್ತಬೇಕು. ‘ಮೆ’ಯಿಂದ ಶುರುವಾಗುವ ಪದ್ಯ ನೂರರಲ್ಲಿ ಮುರಸಕಿಯದೊಂದೇ. ಆ ಒಂದು ಸದ್ದು ಕೇಳಿದೊಡನೆ ಮಕ್ಕಳ ಕೈ ಅವಳ ಎಲೆಯ ಮೇಲಿರುತ್ತದೆ.

ಹಾಗಾಗಿ ಬೀಸಣಿಗೆಯಿಂದ ಆರಂಭಿಸಿ, ಶುನ್‌ಜೇಯ ಮೂಲಕ ಹಾದು, ಈ ಎಲೆಗೆ ಬನ್ನಿ. 1,800 ಪದ ಸಾಕು. ಪದ್ಯ ಮೂರಕ್ಕಿಂತ ಹೆಚ್ಚು ಬೇಡ, ಪ್ರತಿಯೊಂದರ ಜೊತೆ ಯಾರು ಯಾರಿಗೆ ಯಾವ ಕಾಗದದಲ್ಲಿ ಬರೆದರು ಎಂಬುದಿರಲಿ. ತಿದ್ದಿದ ಪ್ರತಿಯನ್ನು ಕಾಯುತ್ತಿರುತ್ತೇವೆ.

ಸಂಪಾದಕ