ಹೊಸ ಪಿಸ್ಟನ್ ಹಾಕಿದ ಮೇಲೂ ಹೊಗೆ ಯಾಕೆ?

ಹಳೇ ಫಿಯಟ್, ಪದ್ಮಿನಿ, ಮೊದಲ ಕಾಲದ ಮಾರುತಿ 800 ಜೋಪಾನ ಮಾಡಿಕೊಂಡು ಬಂದವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಅಪ್ಪ ಓಡಿಸಿದ ಕಾರು, ಮಾರಲು ಮನಸ್ಸು ಬರುವುದಿಲ್ಲ. ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ತಾವೇ ಎಂಜಿನ್ ಬಿಚ್ಚಿ ಕಟ್ಟುತ್ತಾರೆ. ನನಗೆ ಅದು ತುಂಬಾ ಖುಷಿಯ ವಿಷಯ. ಆದರೆ ಕೆಳಗಿನ ಮೊದಲ ಪ್ರಶ್ನೆ ಈ ಮಳೆಗಾಲದಲ್ಲೇ ಐದಾರು ಜನರಿಂದ ಬಂದಿದೆ. ಹೋದ ವರ್ಷವೂ ಬಂದಿತ್ತು, ಉತ್ತರವನ್ನೂ ಕೊಟ್ಟಿದ್ದೆ. ಮತ್ತೆ ಅದೇ ತಪ್ಪು, ಮತ್ತೆ ಅದೇ ಖರ್ಚು. ಹಾಗಾಗಿ ಈ ಸಲ ಜಾಗ ಬಹುಪಾಲು ಅದಕ್ಕೇ. ಎಂಜಿನ್ ಬಿಚ್ಚುವ ಕ್ರಮ, ಹೆಡ್ ಬೋಲ್ಟ್ ಬಿಗಿ ಮಾಡುವ ಕ್ರಮ ಎಲ್ಲ ಮ್ಯಾನ್ಯುಯಲ್‌ನಲ್ಲಿದೆ. ಅದನ್ನು ಓದದೆ ಸ್ಪ್ಯಾನರ್ ಹಿಡಿಯಬೇಡಿ.

ಪ್ರಶ್ನೆ: ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಎಂಜಿನ್ ಬೋರಿಗೆ ಬಂದಿತ್ತು, ಅಂದರೆ ಸಿಲಿಂಡರಿನ ಒಳಗೋಡೆ ಸವೆದು ಮತ್ತೆ ಕೊರೆಸಬೇಕಾಗಿತ್ತು. ಶಿವಮೊಗ್ಗದಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ಅದರ ಸುತ್ತ ಕೂರುವ ರಿಂಗ್, ಬೇರಿಂಗ್ ತಂದೆ. ಬ್ಲಾಕನ್ನು ಪೆಟ್ರೋಲ್‌ನಲ್ಲಿ ಒರೆಸಿ, ಆಯಿಲ್ ಹಚ್ಚಿ ಮನೆಯಲ್ಲೇ ಜೋಡಿಸಿದೆ. ಮೊದಲು ಚೆನ್ನಾಗಿತ್ತು. ಎರಡು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಮತ್ತೆ ನೀಲಿ ಹೊಗೆ. ಆಯಿಲ್ ಕೂಡ ಇಳಿಯುತ್ತಿದೆ. ಒಬ್ಬ ಮೆಕ್ಯಾನಿಕ್ ರಿಂಗ್ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಒಂದೇ ಸಾಲಿಗೆ ಬಂದಿದೆ ಅಂದರು. ಇನ್ನೊಬ್ಬರು ಬೇರೆ ಕಂಪನಿ ರಿಂಗ್ ಹಾಕಿ ಅಂದರು. ಬಿಚ್ಚಿದ ಭಾಗಗಳ ಫೋಟೊ ಕಳಿಸಿದ್ದೇನೆ. (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಪಿಸ್ಟನ್ ಎಲ್ಲಿ ತಂದಿರಿ, ಎಷ್ಟು ಕೊಟ್ಟಿರಿ ಎಂಬುದಕ್ಕೇ ಒಂದು ಪುಟ ಇದೆ. ತೊಳೆದ ಬಗ್ಗೆ ಇರುವುದು ಒಂದೇ ಸಾಲು, 'ಪೆಟ್ರೋಲ್‌ನಲ್ಲಿ ಒರೆಸಿ, ಆಯಿಲ್ ಹಚ್ಚಿ' ಅಂತ. ರೋಗ ಅಲ್ಲೇ ಇದೆ ಮಾರಾಯ್ರೇ.

ನಿಮ್ಮ ಫೋಟೊ ನೋಡಿದೆ. ರಿಂಗಿನ ಮುಖಕ್ಕೆ ಹೊಳಪೇ ಇಲ್ಲ. ಸುತ್ತಲೂ ಒಂದೇ ಸಮ ಬೂದು ಬಣ್ಣ. ಬೋರಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಗೀರುಗಳು. ಬೇರಿಂಗಿನ ಮೆತ್ತನೆ ಲೋಹದಲ್ಲಿ ಚುಕ್ಕಿ ಚುಕ್ಕಿಯಾಗಿ ಏನೋ ಚುಚ್ಚಿಕೊಂಡು ಕೂತಿದೆ. ರಿಂಗ್ ಕಂಪನಿ ಯಾವುದಾದರೂ ಆಗಲಿ, ಕಳಪೆ ರಿಂಗ್ ಬೇರಿಂಗನ್ನು ಹೀಗೆ ಹಾಳು ಮಾಡುವುದಿಲ್ಲ. ಇದು ಕಲ್ಲಿನ ಪುಡಿಯ ಕೆಲಸ.

ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲು ಆಡಿಸುತ್ತಾರೆ. ಗೋಡೆಯಲ್ಲಿ ಜಾಲರಿ ಥರ ಸಣ್ಣ ಗೆರೆ ಬೀಳುತ್ತದೆ. ಆಯಿಲ್ ನಿಲ್ಲಲು ಆ ಗೆರೆ ಬೇಕೇ ಬೇಕು. ಆದರೆ ಕಲ್ಲು ಸವೆಯುವಾಗ ಉದುರುವ ಪುಡಿ, ಕಬ್ಬಿಣದ ಪುಡಿಯ ಜೊತೆ ಸೇರಿ ಅದೇ ಗೆರೆಗಳ ಒಳಗೆ ಹೋಗಿ ಕೂರುತ್ತದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದರಲ್ಲಿ ಒರೆಸಿದರೂ ಜಿಡ್ಡು ಹೋಗುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಮಾತ್ರ ಫಳಫಳ ಹೊಳೆಯುತ್ತದೆ. ಅದರ ಮೇಲೆ ನೀವು ಆಯಿಲ್ ಹಚ್ಚಿದಿರಿ. ಕಲ್ಲುಪುಡಿಗೆ ಆಯಿಲ್ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟ್ ಆಯಿತು, ಅಲ್ವಾ? ಪದ್ಮಿನಿಯ ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ ಮೂರು ಸಾವಿರ ಸಲ ಮೇಲೆ, ಮೂರು ಸಾವಿರ ಸಲ ಕೆಳಗೆ ಹೋಗುತ್ತದೆ. ನಿಮಿಷಕ್ಕೆ 450 ಮೀಟರ್ ಉಜ್ಜಾಟ. ಆ ಪೇಸ್ಟ್ ಇಟ್ಟುಕೊಂಡು ಎರಡು ಸಾವಿರ ಕಿಲೋಮೀಟರ್ ಓಡಿದ ರಿಂಗ್ ಉಳಿಯುವುದಾದರೂ ಹೇಗೆ? ರಿಂಗ್ ಸವೆದರೆ ಆಯಿಲ್ ಮೇಲೆ ಹೋಗಿ ಉರಿಯುತ್ತದೆ, ನಿಮ್ಮ ನೀಲಿ ಹೊಗೆ ಅದೇ.

ತೊಳೆಯಬೇಕಾದ್ದು ಬಿಸಿನೀರು, ಸೋಪಿನಲ್ಲಿ. ನಮ್ಮ ಕಡೆ ಬಚ್ಚಲ ಹಂಡೆ ಇದೆ, ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಬೇಡ. ಕೈಗೆ ತಡೆಯುವಷ್ಟು ಬಿಸಿ ನೀರಿಗೆ ಬಟ್ಟೆ ತೊಳೆಯುವ ಸೋಪಿನ ಪುಡಿ ಧಾರಾಳವಾಗಿ ಹಾಕಿ. ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಒಂದೊಂದು ಬೋರನ್ನೂ ನೊರೆ ಬರುವ ಹಾಗೆ ಉಜ್ಜಿ. ಆಯಿಲ್ ಹೋಗುವ ದಾರಿಗಳ ಪ್ಲಗ್ ಬಿಚ್ಚಿ ಒಳಗೂ ಉಜ್ಜಬೇಕು. ಅದಕ್ಕೆ ಉದ್ದನೆಯ ಸಪೂರ ಬ್ರಷ್ ಬೇಕು. ತೋಟದ ಮನೆಯಲ್ಲಿ ಕೋವಿ ಇದ್ದರೆ ನಳಿಗೆ ಉಜ್ಜುವ ಬ್ರಷ್ ಇದ್ದೇ ಇರುತ್ತದೆ, ಅದು ಸರಿಹೋಗುತ್ತದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡ್ ಮಾಡಿಸಿದ್ದರೆ ಅದರ ಆಯಿಲ್ ತೂತುಗಳನ್ನೂ ಬಿಡಬೇಡಿ. ಅಲ್ಲಿ ಸಿಕ್ಕಿಕೊಂಡ ಪುಡಿ ಎಂಜಿನ್ ಸ್ಟಾರ್ಟ್ ಆದ ಕೂಡಲೇ ನೇರ ಬೇರಿಂಗಿಗೆ ಹೋಗುತ್ತದೆ.

ತೊಳೆದದ್ದು ಸಾಕೋ ಬೇಕೋ ಅಂತ ನನ್ನನ್ನು ಕೇಳಬೇಡಿ, ಬಟ್ಟೆಯನ್ನು ಕೇಳಿ. ಹಳೇ ಬಿಳಿ ಪಂಚೆಯ ತುಂಡಿಗೆ ಎರಡು ಹನಿ ಎಂಜಿನ್ ಆಯಿಲ್ ಹಾಕಿ ಬೋರಿನೊಳಗೆ ಒತ್ತಿ ತಿರುಗಿಸಿ. ಬಟ್ಟೆ ಬೂದು ಬಣ್ಣಕ್ಕೆ ಬಂತೋ, ಮತ್ತೆ ಸೋಪು, ಮತ್ತೆ ಬಿಸಿನೀರು. ನಾನು ಮೂರು ಸಲಕ್ಕಿಂತ ಕಡಿಮೆಗೆ ಬಿಳಿ ಬಟ್ಟೆ ಕಂಡದ್ದು ನೆನಪಿಲ್ಲ. ಬನಿಯನ್ ವೇಸ್ಟ್ ಬಳಸಬೇಡಿ, ಅದರ ಎಳೆ ಒಳಗೇ ಉಳಿಯುತ್ತದೆ.

ಬಟ್ಟೆ ಬಿಳಿ ಬಂದ ತಕ್ಷಣ ನೀರು ಒರೆಸಿ, ಗಾಳಿ ಹೊಡೆದು, ಆಯಿಲ್ ಹಚ್ಚಿ. ತಕ್ಷಣ ಅಂದರೆ ತಕ್ಷಣ. ಪುನರ್ವಸು ಮಳೆ ಹೊಡೆಯುವಾಗ ಹಸಿ ಬ್ಲಾಕ್ ಬಿಟ್ಟು ಕಾಫಿ ಕುಡಿಯಲು ಹೋದರೆ, ವಾಪಸ್ ಬರುವಷ್ಟರಲ್ಲಿ ಬೋರ್ ಕೆಂಪಗಾಗಿರುತ್ತದೆ. ನನ್ನ ಕೇಳಿದರೆ ಆಷಾಢದಲ್ಲಿ ಎಂಜಿನ್ ಬಿಚ್ಚಲೇಬೇಡಿ. ಮಳೆ ಹಿಂದಾಗಲಿ.

ಇಲ್ಲೇ ಇನ್ನೊಂದು ಮಾತು. ಬಚ್ಚಲು ಅಂದೆ ಅಂತ ಪೆಟ್ರೋಲ್ ಡಬ್ಬಿಯನ್ನೂ ಅಲ್ಲಿಗೆ ಒಯ್ಯಬೇಡಿ. ನಾನು ಕೆಲಸ ಕಲಿತ ಶೆಡ್‌ನಲ್ಲಿ ಒಬ್ಬ ಹುಡುಗ ಕಾರ್ಬುರೇಟರ್ ಅನ್ನು ಪೆಟ್ರೋಲ್‌ನಲ್ಲಿ ತೊಳೆಯುತ್ತಿದ್ದ. ಒಲೆ ಇದ್ದದ್ದು ಗೋಡೆಯ ಆಚೆ. ಆವಿ ನೆಲದ ಮೇಲೇ ಹರಿದು ಹೋಗಿ ಹತ್ತಿಕೊಂಡಿತು. ಅವನ ಎರಡೂ ಕೈ ಮೊಣಕೈವರೆಗೆ ಸುಟ್ಟವು. ಅವತ್ತಿನಿಂದ ನಾನು ಪೆಟ್ರೋಲ್‌ನಲ್ಲಿ ಏನನ್ನೂ ತೊಳೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ.

ಇನ್ನು ರಿಂಗ್ ಬಾಯಿ ಒಂದೇ ಸಾಲಿಗೆ ಬಂದ ಕಥೆ. ಜೋಡಿಸುವಾಗ ಬಾಯಿಗಳನ್ನು ಬೇರೆ ಬೇರೆ ದಿಕ್ಕಿಗೆ ಇಡಬೇಕು, ಸರಿ. ಆದರೆ ಎಂಜಿನ್ ಓಡುವಾಗ ರಿಂಗ್ ತಾನು ಕೂತ ಪಿಸ್ಟನ್ನಿನ ತೋಡಿನಲ್ಲಿ ತಾನೇ ತಿರುಗುತ್ತಾ ಇರುತ್ತದೆ. ಎರಡು ಸಾವಿರ ಕಿ.ಮೀ. ನಂತರ ಬಿಚ್ಚಿ, ಬಾಯಿ ನೋಡಿ ರೋಗ ಹೇಳುವವರು ಸುಮ್ನೆ ನಿಮ್ಮ ದುಡ್ಡು ಕಳೆಯುತ್ತಿದ್ದಾರೆ. ಏನನ್ನೂ ಅಳೆಯದೆ 'ಇನ್ನೊಂದು ಸೆಟ್ ರಿಂಗ್ ಹಾಕಿ' ಅನ್ನುವವರೂ ಅಷ್ಟೇ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಬೋರನ್ನು ಅಳತೆ ಮಾಡಿಸಿ. ಮೇಲೆ, ನಡುವೆ, ಕೆಳಗೆ, ಅಲ್ಲದೆ ಉದ್ದಕ್ಕೂ ಅಡ್ಡಕ್ಕೂ. ಒಂದು ಬೋರಿಗೆ ಆರು ಅಂಕಿ ಬರಬೇಕು. ಬರೆದು ಕೊಡಿ ಅನ್ನಿ. ಬೆರಳಾಡಿಸಿ 'ಚೆನ್ನಾಗಿದೆ' ಅನ್ನುವ ಅಂಗಡಿಯಿಂದ ಬ್ಲಾಕ್ ಎತ್ತಿಕೊಂಡು ಬನ್ನಿ. ಸವೆತ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೆ ಇದ್ದರೆ ಹಗುರವಾಗಿ ಹೋನ್ ಮಾಡಿಸಿ ಹೊಸ ರಿಂಗ್ ಹಾಕಬಹುದು. ಮಿತಿ ದಾಟಿದ್ದರೆ ಮುಂದಿನ ಓವರ್‌ಸೈಜ್‌ಗೆ, ಅಂದರೆ ಇನ್ನೂ ದೊಡ್ಡ ಬೋರ್ ಮತ್ತು ಪಿಸ್ಟನ್‌ಗೆ, ಹೋಗಲೇಬೇಕು. ಹಾಗೆ ಹೋಗುವುದಾದರೆ ಪಿಸ್ಟನ್ ಮೊದಲು ತನ್ನಿ, ಆಮೇಲೆ ಬೋರ್ ಮಾಡಿಸಿ. ಡಬ್ಬಿ ಮೇಲಿನ ಸೈಜ್ ನಂಬಿ ಬೋರ್ ಮಾಡಬಾರದು. ಕೈಯಲ್ಲಿರುವ ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಹಾಗೆ ಆ ಬೋರ್ ಆಗಬೇಕು. ಬೇರಿಂಗ್ ಹೇಗೂ ಹೋಯಿತು, ಹೊಸದು ಹಾಕಿ. ಕ್ರ್ಯಾಂಕ್ ಅಳೆಸಿ. ಆಯಿಲ್ ಪಂಪ್ ಬಿಚ್ಚಿ ನೋಡಿ, ಅದೇ ಪುಡಿ ಅಲ್ಲೂ ಹಾದು ಹೋಗಿದೆ. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳದ ಕೆಸರು ಕೆರೆದು ತೆಗೆಯಿರಿ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನೊಳಗೆ ಇಟ್ಟು ನೋಡಿ. ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ರಿಂಗನ್ನು ಒಂದಿಂಚು ಕೆಳಗೆ ತಳ್ಳಿದರೆ ಅದು ನೆಟ್ಟಗೆ ಕೂರುತ್ತದೆ. ಬಾಯಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. ಇಷ್ಟು ಸಣ್ಣ ಬೋರಿಗೆ ಕಾಲು ಮಿಲಿಮೀಟರ್ ಆಸುಪಾಸು ಇರುತ್ತದೆ. ಸರಿಯಾದ ಅಂಕಿ ಮ್ಯಾನ್ಯುಯಲ್‌ನದ್ದು. ಬಾಯಿ ತೀರಾ ಚಿಕ್ಕದಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ತಾಗುತ್ತದೆ, ರಿಂಗ್ ಮುರಿದು ಬೋರ್ ಗೀಚುತ್ತದೆ. ನಾಲ್ಕು ಬೋರಿಗೂ ಅದದರ ರಿಂಗ್ ಹಾಕಿಯೇ ನೋಡಬೇಕು. ಒಂದು ನೋಡಿ ಉಳಿದದ್ದೂ ಹಾಗೇ ಅಂದುಕೊಳ್ಳಬೇಡಿ.

ಪ್ರಶ್ನೆ: ಹೊಸದಾಗಿ ಕಟ್ಟಿದ ಎಂಜಿನ್ನನ್ನು ರಾತ್ರಿಯಿಡೀ ಐಡಲ್‌ನಲ್ಲಿ ಬಿಟ್ಟರೆ ಸೆಟ್ ಆಗುತ್ತದಂತೆ, ಹೌದಾ? (ಸಾಗರ)

ಉತ್ತರ: ಇಲ್ಲ. ಸೆಟ್ ಆಗುವುದಲ್ಲ, ಕೆಡುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಗ್ಯಾಸಿನ ಒತ್ತಡ. ಐಡಲ್‌ನಲ್ಲಿ ಆ ಒತ್ತಡ ತೀರಾ ಕಡಿಮೆ. ರಿಂಗ್ ಕೂರುವ ಮೊದಲೇ ಗೋಡೆ ಗಾಜಿನ ಹಾಗೆ ನುಣುಪಾಗಿಬಿಡುತ್ತದೆ. ಸ್ಟಾರ್ಟ್ ಮಾಡಿ, ಆಯಿಲ್ ಪ್ರೆಷರ್ ನೋಡಿ, ಸೋರಿಕೆ ನೋಡಿ, ಬಿಸಿಯಾಗುತ್ತಲೇ ರಸ್ತೆಗೆ ಇಳಿಸಿ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ಕಡೆ ಹೋಗುವಂಥ ರಸ್ತೆ ಸಾಕು. ನಲವತ್ತರಿಂದ ಅರವತ್ತಕ್ಕೆ ಏರಿಸಿ, ಕಾಲು ತೆಗೆದು ಇಳಿಯಲು ಬಿಡಿ, ಮತ್ತೆ ಏರಿಸಿ. ಹೀಗೇ ಹತ್ತಿಪ್ಪತ್ತು ಸಲ. ಆಗುಂಬೆ, ಹುಲಿಕಲ್ ಘಾಟಿ ಈಗಲೇ ಬೇಡ. 500 ಕಿ.ಮೀ.ಗೆ ಆಯಿಲ್ ಬದಲಿಸಿ, ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಲೋಹದ ಪುಡಿಯ ಮಿಂಚು ಕಂಡರೆ ಮುಂದೆ ಓಡಿಸಬೇಡಿ.

ಪ್ರಶ್ನೆ: ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಅಂತ ಮೆಕ್ಯಾನಿಕ್ ಕಿತ್ತು ಹಾಕಿದರು. (ಕೊಪ್ಪ)

ಉತ್ತರ: ವಾಪಸ್ ಹಾಕಿಸಿ. ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್ ಅದು. ಅದಿಲ್ಲದಿದ್ದರೆ ನಿಮ್ಮ ಊರಿನ ಚಳಿ, ಮಳೆಗೆ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ. ಉರಿಯದ ಪೆಟ್ರೋಲ್ ಬೋರಿನ ಆಯಿಲನ್ನು ತೊಳೆದು ಹಾಕುತ್ತದೆ, ನೀರಿನ ಪಸೆ ಆಯಿಲ್‌ಗೆ ಸೇರಿ ಕೆಸರಾಗುತ್ತದೆ. ಎಂಜಿನ್ ನಿಜವಾಗಿ ಕಾಯುತ್ತಿದ್ದರೆ ರೇಡಿಯೇಟರ್ ತೊಳೆಸಿ.

ಪ್ರಶ್ನೆ: ಹೊಗೆ ನಿಲ್ಲಿಸುವ ಬಾಟಲಿ ಔಷಧ ಹಾಕಬಹುದೇ? (ಹೊಸನಗರ)

ಉತ್ತರ: ಬೇಡ. ಸವೆದ ಕಬ್ಬಿಣ ಬಾಟಲಿಯಿಂದ ಬೆಳೆಯುವುದಿಲ್ಲ.

ಪ್ರಶ್ನೆ: ಒಮ್ಮೆ ಬಿಚ್ಚಿದ ಎಂಜಿನ್‌ಗೆ ಕಂಪನಿ ಸೆಟ್ಟಿಂಗ್ ಮತ್ತೆ ಬರಲ್ಲ ಅನ್ನುತ್ತಾರೆ. (ಭದ್ರಾವತಿ)

ಉತ್ತರ: ಸುಳ್ಳು. ಕಂಪನಿಯಲ್ಲೂ ಅಳತೆ ನೋಡಿಯೇ ಕಟ್ಟಿದ್ದು. ಅದೇ ಅಳತೆಗೆ ಕಟ್ಟಿದರೆ ಅದೇ ಎಂಜಿನ್.

ಪ್ರಶ್ನೆ: ಎಂಜಿನ್ ಎತ್ತಲು ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಬಹುದೇ? (ಶೃಂಗೇರಿ)

ಉತ್ತರ: ಕಟ್ಟಬೇಡಿ. ಗೇರ್‌ಬಾಕ್ಸ್ ಸೇರಿದರೆ ನೂರು ಕೆ.ಜಿ.ಗೂ ಜಾಸ್ತಿ. ತೊಲೆಯೊಳಗೆ ಗೆದ್ದಲು ಎಷ್ಟು ತಿಂದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಕಬ್ಬಿಣದ ಮೂರುಕಾಲಿನ ಸ್ಟ್ಯಾಂಡ್ ಬಾಡಿಗೆಗೆ ತನ್ನಿ.

ಪ್ರಶ್ನೆ: ಎಂಜಿನ್ ಅರ್ಧ ಕಟ್ಟಿದ್ದೇನೆ. ಅಡಿಕೆ ಕೊಯ್ಲು ಬಂತು, ಎರಡು ತಿಂಗಳು ಹಾಗೇ ಬಿಡಬಹುದೇ? (ನಗರ)

ಉತ್ತರ: ಬಿಡಬಹುದು. ಬೋರಿಗೆ ಆಯಿಲ್ ಹಾಕಿ, ವಾರಕ್ಕೊಮ್ಮೆ ಕೈಯಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಅಡಿಕೆ ಸುಲಿಯುವ ಚಪ್ಪರದಿಂದ ದೂರ ಇಡಿ, ಅಲ್ಲಿನ ಧೂಳು ಎಲ್ಲಾ ಕಡೆ ನುಗ್ಗುತ್ತದೆ. ಪ್ಲಗ್ ತೂತು, ಆಯಿಲ್ ತೂತು, ಸೈಲೆನ್ಸರ್ ಬಾಯಿ ಎಲ್ಲಕ್ಕೂ ಬಟ್ಟೆ ತುರುಕಿ, ಎಷ್ಟು ತುರುಕಿದಿರಿ ಅಂತ ಗೋಡೆಯ ಮೇಲೆ ಬರೆದಿಡಿ. ನಮ್ಮ ಕಡೆ ತೆರೆದ ತೂತು ಕಂಡರೆ ಕಣಜ ಬಂದು ಎರಡೇ ದಿನದಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ.