ಸ್ನೇರ್ ‘ಟಂಯ್’ ಅಂತಿದ್ರೆ ಟೇಪ್ ಹಚ್ಚೋಕ್ ಮುಂಚೆ ಕೀ ಕೈಗೆ ತಗೊಳ್ಳಿ

ಪ್ರಶ್ನೆ: ಸರ್ ನಮಸ್ತೆ. ನಾನು ಉಡುಪಿ ಕಡೆಯವನು, ನಮ್ಮ ಚರ್ಚಿನ ಕ್ವಾಯರಿಗೆ ಡ್ರಮ್ಸ್ ನುಡಿಸ್ತೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಿಟ್ ಒಂದು ತಗೊಂಡೆವು. ಅದರ ಸ್ನೇರ್ (ಕೆಳಗಡೆ ತಂತಿ ಇರುವ ಡ್ರಮ್) 14 ಇಂಚಿನದು, ಸ್ಟೀಲ್ ಶೆಲ್ (ಡ್ರಮ್ಮಿನ ದುಂಡು ಮೈ), 8 ಬೋಲ್ಟ್. ಪ್ರತಿ ಹೊಡೆತಕ್ಕೂ ಹಿಂದಿನಿಂದ ‘ಟಂಯ್ಯ್’ ಅಂತ ಸ್ಟೀಲ್ ಕೊಡಪಾನಕ್ಕೆ ಬಡಿದ ಹಾಗೆ ಒಂದು ಸದ್ದು ಎಳೀತದೆ. ಹಾಡುವವರಿಗೆ ಕಿರಿಕಿರಿ. ಟಿಶ್ಯೂ ಮಡಚಿ ಟೇಪ್ ಹಚ್ಚಿದೆ, ಸದ್ದು ನಿಂತಿತು, ಆದರೆ ಈಗ ರಟ್ಟಿನ ಡಬ್ಬ ಹೊಡೆದ ಹಾಗೆ ಕೇಳ್ತದೆ. ಬೇರೆ ಸ್ನೇರ್ ತಗೊಳ್ಳಬೇಕಾ?

ಉತ್ತರ: ಬೇಡ, ಈಗಲೇ ದುಡ್ಡು ಖರ್ಚು ಮಾಡ್ಬೇಡಿ. ಮೊದಲು ಆ ಟಿಶ್ಯೂ ಟೇಪ್ ಎಲ್ಲಾ ಕಿತ್ತು ಹಾಕಿ, ಯಾಕಂದ್ರೆ ಅದಿದ್ರೆ ಡ್ರಮ್‌ಗೆ ಏನಾಗಿದೆ ಅಂತಾನೇ ನಿಮಗೆ ಕೇಳಿಸಲ್ಲ. ನಾನೂ ಶುರುವಿನಲ್ಲಿ ಹಾಗೇ ಮಾಡ್ತಿದ್ದೆ, ಮೊದಲ ಸಲ ರೆಕಾರ್ಡಿಂಗ್‌ಗೆ ಹೋದಾಗ ಸ್ಕಿನ್ (ಕೋಲಿಂದ ಹೊಡೆಯೋ ಪೊರೆ) ಮೇಲೆ ಅರ್ಧ ರೋಲ್ ಟೇಪ್ ಇತ್ತು, ಅಲ್ಲಿನ ಇಂಜಿನಿಯರ್ ಒಂದು ಮಾತೂ ಆಡದೆ ಎಲ್ಲಾ ಕಿತ್ತು, ಕೀ (ಬೋಲ್ಟ್ ತಿರುಗಿಸೋ ಚಾವಿ) ತಗೊಂಡು ಇಪ್ಪತ್ತು ನಿಮಿಷ ಕೂತು ಟ್ಯೂನ್ ಮಾಡಿ ಕೊಟ್ರು. ಅದೇ ಡ್ರಮ್, ಅದೇ ಹಳೇ ಸ್ಕಿನ್, ನನಗೆ ನಂಬೋಕೇ ಆಗ್ಲಿಲ್ಲ. ಆವತ್ತಿಂದ ನಾನು ಯಾರೇ ಕೇಳಿದ್ರೂ ಹೇಳೋದು ಇಷ್ಟೇ, ರಿಂಗ್, ಅಂದ್ರೆ ಈ ಎಳೆಯೋ ‘ಟಂಯ್’ ಸದ್ದು ಬರ್ತಿದ್ರೆ ಮೊದಲು ಟ್ಯೂನಿಂಗ್ ಸರಿ ಮಾಡಿ, ಆಮೇಲೂ ಉಳಿದ್ರೆ ಅದನ್ನ ಒತ್ತಿ ಹಿಡಿಯೋ ಯೋಚನೆ ಮಾಡಿ.

ರಿಂಗ್ ಯಾಕೆ ಬರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಗೊತ್ತಿದ್ರೆ ಕೈಗೆ ಕೆಲಸ ಸುಲಭ. ತಂತಿ ಮೀಟಿದ್ರೆ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಲೆಕ್ಕಕ್ಕೆ ಸರಿಯಾಗಿ ಮೇಲಿನ ಸ್ವರಗಳು ಹುಟ್ಟುತ್ವೆ, ಅದಕ್ಕೇ ಕಿವಿಗೆ ಇಂಪು. ದುಂಡಗಿನ ಚರ್ಮ ಹಂಗಲ್ಲ, ಅದರ ಮೇಲಿನ ಸ್ವರಗಳು 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಹೀಗೆ ಒಂದಕ್ಕೊಂದು ಹೊಂದದ ಜಾಗದಲ್ಲಿ ಬಂದು ಕೂರ್ತವೆ. ನಮ್ಮ ಮೃದಂಗ ತಬಲಾದವರು ಇದಕ್ಕೆ ದಾರಿ ಕಂಡ್ಕೊಂಡಿದ್ದು ಮಧ್ಯೆ ಕಪ್ಪು ಕರಣೆ ಹಾಕಿ. ಆ ಕರಣೆಯ ತೂಕದಿಂದ ಮೇಲಿನ ಸ್ವರಗಳು ತಂತಿಯ ಹಾಗೆ ಲೆಕ್ಕಕ್ಕೆ ಬರುತ್ವೆ ಅಂತ ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ರು, 1934ರಲ್ಲಿ ಇನ್ನೊಂದು ಪ್ರಬಂಧದಲ್ಲಿ ವಿವರವಾಗಿ ತೋರಿಸಿದ್ರು. ಸ್ನೇರ್‌ಗೆ ಕರಣೆ ಇಲ್ಲ, ಅದು ಯಾವತ್ತೂ ಮೃದಂಗದ ಹಾಗೆ ಶ್ರುತಿಯಲ್ಲಿ ಹಾಡಲ್ಲ. ಆದ್ರೆ ಮೃದಂಗ ವಿದ್ವಾಂಸರು ಕಛೇರಿಗೆ ಮುಂಚೆ ಕಲ್ಲು ಹಿಡ್ಕೊಂಡು ಅಂಚಿನ ಸುತ್ತ ತಟ್ಟಿ ತಟ್ಟಿ ಎಲ್ಲಾ ಕಡೆ ಒಂದೇ ಶ್ರುತಿ ತರ್ತಾರಲ್ಲ, ಆ ಕೆಲಸ ಮಾತ್ರ ಸ್ನೇರ್‌ಗೂ ಬೇಕೇ ಬೇಕು. ಒಂದು ಬೋಲ್ಟ್ ಹತ್ರ ಒಂದು ಸ್ವರ, ಪಕ್ಕದ ಬೋಲ್ಟ್ ಹತ್ರ ಅದಕ್ಕಿಂತ ಒಂಚೂರು ಮೇಲೆ ಇದ್ರೆ ಎರಡೂ ಸೇರಿ ‘ವಂವ್ ವಂವ್’ ಅಂತ ಅಲೆ ಏಳುತ್ತೆ. ತಂಬೂರಿಯ ನಡುವಿನ ಎರಡು ತಂತಿ ಕೂದಲೆಳೆಯಷ್ಟು ತಪ್ಪಿದ್ರೆ ಹೆಂಗೆ ಅಲುಗುತ್ತೋ ಹಂಗೆ. ನಿಮ್ಮ ಹಾಡುವವರಿಗೆ ಕಿರಿಕಿರಿ ಮಾಡ್ತಿರೋದು ಮುಕ್ಕಾಲು ಪಾಲು ಇದೇ ಅಂತ ನನ್ನ ಅಂದಾಜು.

ಈಗ ಕೆಲಸಕ್ಕೆ ಬರೋಣ. ಮೇಲಿನ ಸ್ಕಿನ್ ನೋಡಿ, ನಡುವೆ ಗುಂಡಿ ಬಿದ್ದಿದ್ಯಾ, ಬಿಳಿ ಕೋಟಿಂಗ್ ಸವೆದು ಹೋಗಿದ್ಯಾ? ಹಾಗಿದ್ರೆ ಎಷ್ಟು ತಿರುಗಿಸಿದ್ರೂ ಅದು ಸಮ ಆಗಲ್ಲ, ಹೊಸದು ಹಾಕಿ. ಸ್ಕಿನ್ ಬಿಚ್ಚಿದಾಗಲೇ ಇನ್ನೊಂದು ಪರೀಕ್ಷೆ ಮಾಡ್ಬಿಡಿ, ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ಶೆಲ್ ಬೋರಲು ಇಟ್ಟು ಒಳಗೆ ಮೊಬೈಲ್ ಟಾರ್ಚ್ ಹಾಕಿ ಲೈಟ್ ಆಫ್ ಮಾಡಿ, ಅಂಚಿನಲ್ಲಿ ಎಲ್ಲಾದ್ರೂ ಬೆಳಕು ಸೋರಿದ್ರೆ ಅಲ್ಲಿ ಅಂಚು ತಗ್ಗಾಗಿದೆ ಅಂತ ಅರ್ಥ. ಕೆಳಗಿನ ಅಂಚಲ್ಲಿ ಸ್ನೇರ್ ತಂತಿ (ಕೆಳಗಿನ ಸ್ಕಿನ್‌ಗೆ ತಾಗಿ ಚರ್ ಅನ್ನೋದು) ಹಾದು ಹೋಗೋ ಎರಡು ಕಡೆ ಬೇಕು ಅಂತಾನೇ ತಗ್ಗು ಮಾಡಿರ್ತಾರೆ, ಅದನ್ನ ನೋಡಿ ಗಾಬರಿ ಆಗ್ಬೇಡಿ. ರಿಮ್ಮನ್ನೂ (ಸ್ಕಿನ್ ಒತ್ತಿ ಹಿಡಿಯೋ ಲೋಹದ ಬಳೆ) ಅದೇ ಕಟ್ಟೆ ಮೇಲಿಟ್ಟು ಬೆರಳಲ್ಲಿ ಒತ್ತಿ, ಅದು ಟಕ ಟಕ ಅಂತ ಆಡಿದ್ರೆ ಬಗ್ಗಿದೆ. ಸೆಕೆಂಡ್ ಹ್ಯಾಂಡ್ ಕಿಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಬಗ್ಗಿದ ರಿಮ್ ಇಟ್ಕೊಂಡು ಟ್ಯೂನ್ ಮಾಡೋಕೆ ಕೂತ್ರೆ ದಿನವೆಲ್ಲಾ ಕೂತಿರ್ತೀರಿ. ಕರಾವಳಿ ಗಾಳಿಗೆ ಬೋಲ್ಟ್‌ಗಳು ತುಕ್ಕು ಹಿಡಿದಿರ್ತವೆ, ಬಟ್ಟೇಲಿ ಒರೆಸಿ ಒಂದು ಚೂರು ಗ್ರೀಸ್ ಹಚ್ಚಿ. ಇಲ್ಲಾಂದ್ರೆ ಒಂದು ಸಲೀಸಾಗಿ ತಿರುಗುತ್ತೆ ಇನ್ನೊಂದು ಬಿಗೀತದೆ, ಕೈಗೆ ಲೆಕ್ಕವೇ ಸಿಗಲ್ಲ.

ಸ್ಕಿನ್ ಕೂರಿಸಿ ಎಲ್ಲಾ ಬೋಲ್ಟ್ ಬರೀ ಬೆರಳಲ್ಲಿ ಎಷ್ಟು ಬರುತ್ತೋ ಅಷ್ಟು ಬಿಗಿ ಮಾಡಿ. ಆಮೇಲೆ ಕೀ ಹಾಕಿ ಒಂದೊಂದಕ್ಕೂ ಅರ್ಧ ಸುತ್ತು, ಆದ್ರೆ ಸಾಲಾಗಿ ಅಲ್ಲ, ಒಂದನ್ನ ತಿರುಗಿಸಿದ್ಮೇಲೆ ಅದರ ನೇರ ಎದುರಿನದು, ಕಾರಿನ ವೀಲ್ ನಟ್ ಬಿಗಿ ಮಾಡೋ ಥರಾನೇ. ನಡುವೆ ಒಮ್ಮೆ ಅಂಗೈಯಿಂದ ಸ್ಕಿನ್ ಮಧ್ಯಕ್ಕೆ ಚೆನ್ನಾಗಿ ಒತ್ತಿ, ಹೊಸ ಸ್ಕಿನ್ ಚಟಪಟ ಅಂದ್ರೆ ಹೆದರ್ಬೇಡಿ, ಅದು ಅಂಚಿಗೆ ಕೂರ್ತಿರೋ ಸದ್ದು. ಸುಕ್ಕೆಲ್ಲಾ ಹೋದ್ಮೇಲೆ ತಂತಿಯ ಲಿವರ್ ಕೆಳಗೆ ಮಾಡಿ ಆಫ್ ಮಾಡಿ, ಡ್ರಮ್ಮನ್ನ ಮಡಚಿದ ಬೆಡ್‌ಶೀಟ್ ಮೇಲಿಡಿ, ಆಗ ಕೆಳಗಿನ ಸ್ಕಿನ್ ಬಾಯಿ ಮುಚ್ಕೊಂಡು ಕೂರುತ್ತೆ, ಮೇಲಿನದು ಮಾತ್ರ ಕೇಳುತ್ತೆ. ಇನ್ನು ಪ್ರತಿ ಬೋಲ್ಟ್‌ನಿಂದ ಒಂದು ಇಂಚು ಒಳಗೆ ಕೀಯಿಂದಲೋ ಕೋಲಿನ ತುದಿಯಿಂದಲೋ ಮೆಲ್ಲಗೆ ತಟ್ಟಿ ಕೇಳಿ. ತಗ್ಗಿರೋದನ್ನ ಮೇಲಕ್ಕೆ ತನ್ನಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ಯಾವುದಾದ್ರೂ ಒಂದು ಜಾಸ್ತಿ ಮೇಲಿದ್ರೆ ಅದನ್ನ ಪೂರಾ ಕೆಳಗಿಳಿಸಿ ಮತ್ತೆ ಕೆಳಗಿನಿಂದ ಸ್ವರಕ್ಕೆ ತನ್ನಿ, ಬರೀ ಸಡಿಲ ಮಾಡಿ ಬಿಟ್ರೆ ನಾಲ್ಕು ಹಾಡಿಗೆ ಮತ್ತೆ ಜಾರುತ್ತೆ. ಒಂದನ್ನ ಬದಲಾಯಿಸಿದ್ರೆ ಎದುರಿನದೂ ಪಕ್ಕದ್ದೂ ಬದಲಾಗುತ್ತೆ, ಹಾಗಾಗಿ ಮೂರು ನಾಲ್ಕು ಸುತ್ತು ಹೊಡೀಲೇಬೇಕು, ಬೇಜಾರು ಮಾಡ್ಕೋಬೇಡಿ. ಕಿವಿಗೆ ಗೊತ್ತಾಗ್ತಿಲ್ಲ ಅನ್ಸಿದ್ರೆ ಕ್ವಾಯರಲ್ಲಿ ಕೀಬೋರ್ಡ್ ನುಡಿಸೋರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅವರ ಕಿವಿ ಇದಕ್ಕೆ ಪಳಗಿರುತ್ತೆ.

ಕೆಳಗಿನ ಸ್ಕಿನ್ ಯಾರೂ ಮುಟ್ಟೋದೇ ಇಲ್ಲ, ಅರ್ಧ ಸಮಸ್ಯೆ ಅಲ್ಲೇ ಇರುತ್ತೆ. ಅದು ತುಂಬಾ ತೆಳು, ಸಾಮಾನ್ಯವಾಗಿ 3 ಮಿಲ್, ಮೇಲಿನದು 10 ಮಿಲ್ ಇರುತ್ತೆ (ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು). ಅದನ್ನೂ ಹೀಗೇ ಸಮ ಮಾಡಿ, ಮೇಲಿನದಕ್ಕಿಂತ ಸ್ವಲ್ಪ ಎತ್ತರದ ಸ್ವರಕ್ಕೆ ತನ್ನಿ. ಸಡಿಲ ಇದ್ರೆ ತಂತಿ ಒದರ್ತಾ ಇರುತ್ತೆ, ಹೊಡೆತಕ್ಕೆ ಉತ್ತರವೇ ಬರಲ್ಲ. ತಂತಿಯನ್ನೂ ಉಸಿರುಗಟ್ಟೋ ಹಾಗೆ ಬಿಗೀಬೇಡಿ, ಮೆಲ್ಲಗೆ ತಟ್ಟಿದ್ರೂ ಚರ್ ಅನ್ನಬೇಕು, ಅಷ್ಟಿದ್ರೆ ಸಾಕು.

ಇಷ್ಟೆಲ್ಲಾ ಆದ್ಮೇಲೂ ಸ್ಟೀಲ್ ಶೆಲ್ ಆದ್ದರಿಂದ ಒಂದಿಷ್ಟು ರಿಂಗ್ ಇದ್ದೇ ಇರುತ್ತೆ, ಮರದ ಶೆಲ್‌ಗಿಂತ ಜಾಸ್ತಿ. ಅದನ್ನ ಪೂರಾ ಕೊಲ್ಲೋಕೆ ಹೋಗ್ಬೇಡಿ ದಯವಿಟ್ಟು. ನಿಮ್ಮ ಕಿವಿ ಡ್ರಮ್‌ನಿಂದ ಎರಡು ಅಡಿ ದೂರದಲ್ಲಿದೆ, ಹಿಂದಿನ ಬೆಂಚಲ್ಲಿ ಕೂತವರಿಗೆ ಆ ರಿಂಗ್ ಬಾಸ್, ಕೀಬೋರ್ಡ್, ಇಪ್ಪತ್ತು ಜನರ ಗಂಟಲಿನ ಮಧ್ಯೆ ಬೇರೆಯಾಗಿ ಕೇಳಿಸೋದೇ ಇಲ್ಲ, ಸ್ನೇರ್‌ಗೆ ಒಂದು ಹೊಳಪು ಅಂತಷ್ಟೇ ಕೇಳುತ್ತೆ. ಯಾರಿಗಾದ್ರೂ ಕೋಲು ಕೊಟ್ಟು ನೀವೇ ಹೋಗಿ ಹಿಂದೆ ನಿಂತು ಕೇಳಿ, ಆಮೇಲೆ ತೀರ್ಮಾನ ಮಾಡಿ. ಇನ್ನೂ ಹೆಚ್ಚು ಅನ್ಸಿದ್ರೆ ಬಿಚ್ಚಿಟ್ಟ ಹಳೇ ಸ್ಕಿನ್ನಿನ ಅಂಚಿಂದ ಒಂದು ಇಂಚು ಅಗಲದ ಬಳೆ ಕತ್ತರಿಸಿ ಹೊಸದರ ಮೇಲೆ ಸುಮ್ನೆ ಇಡಿ, ಅಂಟಿಸೋದೂ ಬೇಡ. ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ಬಳೆ ಮಾಡೋದೂ ಇದೇ ಕೆಲಸವನ್ನೇ. ಇಲ್ಲಾ ಅಂದ್ರೆ ರಿಮ್ ಪಕ್ಕ ಸ್ಕಿನ್ ಮೇಲೆ ಅಂಟೋ ಒಂದೇ ಒಂದು ಜೆಲ್ ತುಂಡು. ಮುಂದೆ ಸ್ಕಿನ್ ತಗೊಳ್ಳೋವಾಗ ಎರಡು ಪದರದ್ದು ತಗೊಂಡ್ರೆ ರಿಂಗ್ ತಾನಾಗೇ ಕಡಿಮೆ, ರೆಮೊ ಕಂಪನಿಯ ಸ್ಕಿನ್‌ಗಳಲ್ಲಿ ಆಂಬಾಸಡರ್ ಒಂದೇ ಪದರ, ಎಂಪರರ್ 7 ಮಿಲ್‌ನ ಎರಡು ಪದರ. ಇವಾನ್ಸ್‌ನವರ ಜೆನೆರಾ ಡ್ರೈ ಅನ್ನೋದಕ್ಕೆ ಅಂಚಿನ ಸುತ್ತ ಸಣ್ಣ ಸಣ್ಣ ತೂತು ಇರ್ತವೆ, ಅದೂ ರಿಂಗನ್ನ ಚೆನ್ನಾಗಿ ಕಡಿಮೆ ಮಾಡುತ್ತೆ, ಆದ್ರೆ ಮೆಲ್ಲಗೆ ನುಡಿಸೋ ಭಜನೆ ಥರದ ಹಾಡುಗಳಿಗೆ ನನಗೆ ಒಂದೇ ಪದರದ ಕೋಟೆಡ್ ಸ್ಕಿನ್ನೇ ಇಷ್ಟ.

ಮೈಕ್ ಇಟ್ಟಿದ್ರೆ ಅದನ್ನೂ ನೋಡಿ. ರಿಮ್‌ಗೆ ಅಂಟಿಸಿದ ಹಾಗೆ ಅಂಚಿನ ಕಡೆ ತಿರುಗಿಸಿಟ್ರೆ ಅದು ಹುಡುಕಿ ಹುಡುಕಿ ರಿಂಗನ್ನೇ ಹಿಡಿಯುತ್ತೆ, ಮೂತಿಯನ್ನ ಸ್ಕಿನ್ ಮಧ್ಯಕ್ಕೆ ತಿರುಗಿಸಿ. ಟೈಲ್ಸ್ ನೆಲ ಆಗಿದ್ರೆ ಕಿಟ್ ಕೆಳಗೆ ಒಂದು ದಪ್ಪ ಜಮಖಾನ ಹಾಸಿ.

ಪ್ರಶ್ನೆ: ನಾನು ಪಿ.ಟಿ. ಟೀಚರ್. ಆಗಸ್ಟ್ 15ಕ್ಕೆ ಸ್ಕೂಲ್ ಬ್ಯಾಂಡ್ ರೆಡಿ ಮಾಡ್ತಿದ್ದೀವಿ. ಸೈಡ್ ಡ್ರಮ್ (ಹೆಗಲಿಗೆ ಹಾಕ್ಕೊಂಡು ನುಡಿಸೋ ಸ್ನೇರ್) ಒಳಗೆ ಬಟ್ಟೆ ತುಂಬಿದ್ರೆ ರಿಂಗ್ ಹೋಗುತ್ತೆ ಅಂತ ಒಬ್ಬರು ಹೇಳಿದ್ರು, ನಿಜಾನಾ?

ಉತ್ತರ: ಮೇಡಂ, ತುಂಬಬೇಡಿ. ಬಟ್ಟೆ ಕೆಳಗಿನ ತೆಳು ಸ್ಕಿನ್ ಮೇಲೆ ಬಿದ್ದು ತಂತಿ ಕೆಲಸ ಮಾಡೋದೇ ನಿಲ್ಲುತ್ತೆ. ಬಯಲಲ್ಲಿ ಗೋಡೆ ಇಲ್ಲ, ಸೂರಿಲ್ಲ, ರೂಮಲ್ಲಿ ಕೇಳಿದ ರಿಂಗ್ ಮೈದಾನಕ್ಕೆ ಬಂದ್ರೆ ಗಾಳಿಯಲ್ಲಿ ಹೋಗ್ಬಿಡುತ್ತೆ, ಅಲ್ಲಿ ನಿಮಗೆ ಬೇಕಾಗಿರೋದೇ ದೂರಕ್ಕೆ ಮುಟ್ಟೋ ಸದ್ದು. ಬದಲಿಗೆ ಇರೋ ಡ್ರಮ್ ಎಲ್ಲಾ ಒಂದೇ ಮಟ್ಟಕ್ಕೆ ಟ್ಯೂನ್ ಮಾಡಿಸಿ, ಮಕ್ಕಳು ಇಕ್ಕಳದಲ್ಲಿ ಒಂದೇ ಬೋಲ್ಟ್ ಬಿಗಿ ಮಾಡದ ಹಾಗೆ ನೋಡ್ಕೊಳ್ಳಿ, ಸ್ಕಿನ್ ಹರಿಯೋದು ಹೆಚ್ಚಾಗಿ ಅದರಿಂದಲೇ.

ಪ್ರಶ್ನೆ: ನಮ್ಮ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸಿದಾಗೆಲ್ಲಾ ಸ್ನೇರ್ ತಾನಾಗೇ ಜುಂಯ್ ಅನ್ನುತ್ತೆ. ಇದೂ ರಿಂಗೇನಾ ಅಣ್ಣಾ?

ಉತ್ತರ: ಇಲ್ಲ ತಮ್ಮಾ, ಇದು ಬೇರೆ. ಬಾಸ್‌ನ ಯಾವುದೋ ಒಂದು ಸ್ವರ ಸ್ನೇರ್‌ನ ಸ್ವರಕ್ಕೆ ಹೊಂದ್ಕೊಂಡಾಗ ಸ್ಕಿನ್ ಅದರ ಜೊತೆ ನಡುಗುತ್ತೆ, ತಂತಿ ಜುಂಯ್ ಅನ್ನುತ್ತೆ. ಯಾವ ಸ್ವರಕ್ಕೆ ಅಂತ ಬಾಸ್ ನುಡಿಸೋರ ಹತ್ರ ಒಂದೊಂದೇ ನುಡಿಸಿ ಕೇಳಿ, ಆಮೇಲೆ ಕೆಳಗಿನ ಸ್ಕಿನ್ನನ್ನ ಎಲ್ಲಾ ಬೋಲ್ಟ್‌ಗೂ ಸಮನಾಗಿ ಒಂಚೂರು ಏರಿಸಿ. ಟಾಮ್ (ಕಿಟ್‌ನಲ್ಲಿರೋ ತಂತಿ ಇಲ್ಲದ ಡ್ರಮ್) ಹೊಡೆದಾಗಲೂ ಹೀಗೇ ಆದ್ರೆ ಟಾಮ್‌ನ ಸ್ವರ ಸ್ವಲ್ಪ ಬದಲಾಯಿಸಿದ್ರೆ ಸಾಕು. ಪೂರಾ ಹೋಗಲ್ಲ, ತಂತಿ ಇರೋ ತನಕ ಒಂದಿಷ್ಟು ಇರುತ್ತೆ. ಬಾಸ್ ಒಂದೇ ನುಡಿಸೋ ಜಾಗ ಬಂದಾಗ ಲಿವರ್ ಕೆಳಗೆ ಮಾಡಿ ಆಫ್ ಮಾಡಿ, ಮತ್ತೆ ಬೀಟ್ ಶುರುವಾಗೋ ಮುಂಚೆ ಆನ್ ಮಾಡೋದು ಮರೀಬೇಡ.