ಕೆನೆಬಿಳಿ, ಬೂದುಬಿಳಿ ಎರಡೂ ಒಂದೇ ಥರ ಕಾಣ್ತಿವೆ, ರೂಮಿಗೆ ಯಾವುದು ಹಾಕಿಸಲಿ?

ಚಾಮುಂಡಿಪುರಂನ ಹಳೇ ಮನೆ, ಉತ್ತರಕ್ಕೆ ಒಂದೇ ಕಿಟಕಿ, ನೆಲ ರೆಡ್ ಆಕ್ಸೈಡು, ಪೇಂಟರ್ ನಾಳಿದ್ದು ಬರ್ತಾರೆ ಅಂತ ಬರೆದಿದ್ದೀರಿ. ಮೊದಲು ಪೇಂಟರಿಗೆ ಫೋನ್ ಮಾಡಿ, ಇನ್ನೂ ಎರಡು ದಿನ ತಡವಾಗಿ ಬನ್ನಿ ಅನ್ನಿ.

ಆ ನೆಲದಲ್ಲೇ ಅರ್ಧ ಉತ್ತರ ಇದೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲೂ ಅದೇ ಕೆಂಪು ನೆಲ. ಆರು ವರ್ಷದ ಹಿಂದೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಂತು ಒಂದು ಕೆನೆಬಿಳಿ ಆರಿಸಿಕೊಂಡು ಬಂದಿದ್ದೆ. ಎರಡು ಕೋಟು ಬಿದ್ದು ಒಣಗಿತು. ಮಾರನೇ ಬೆಳಿಗ್ಗೆ ಬಾಗಿಲಿಂದ ಬಿಸಿಲು ನೆಲಕ್ಕೆ ಬಿದ್ದಿದ್ದೇ ತಡ, ಸೊಂಟದೆತ್ತರದವರೆಗೆ ಗೋಡೆಯೆಲ್ಲ ಗುಲಾಬಿ. ಕಾಫಿ ಲೋಟ ಹಿಡಿದು ಬಂದ ಅಮ್ಮ, "ಏನೋ ಇದು, ಬೊಂಬಾಯಿ ಮಿಠಾಯಿ ಮೆತ್ತಿದ ಹಾಗಿದೆ" ಅಂದರು. ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿ ಪುಟಿದು ಗೋಡೆ ಹತ್ತುತ್ತದೆ. ಹಳದಿ ಒಳಬಣ್ಣದ ಕೆನೆಯ ಮೇಲೆ ಅದು ಬಿದ್ದರೆ ಇನ್ನೂ ರಂಗು.

ಒಳಬಣ್ಣ ನೋಡಬೇಕಾದರೆ ಎರಡು ಶೇಡನ್ನೂ ಅಪ್ಪಟ ಬಿಳಿ ಹಾಳೆಯ ಮೇಲಿಡಿ. ಆಗ ಒಂದು ಹಳದಿಗೆ, ಇನ್ನೊಂದು ಹಸಿರಿಗೋ ನೀಲಿಗೋ ವಾಲುವುದು ಗೊತ್ತಾಗುತ್ತದೆ. ಕೆಲವು ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆಯೂ ಇರುತ್ತದೆ, ಬಣ್ಣ ಎಷ್ಟು ಬೆಳಕನ್ನು ವಾಪಸ್ ಪುಟಿಸುತ್ತದೆ ಅನ್ನುವ ಅಳತೆ ಅದು: ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಎರಡಕ್ಕೂ ಹೆಚ್ಚುಕಮ್ಮಿ ಅದೇ ಸಂಖ್ಯೆ ಇದ್ದರೆ, ಯಾವುದು ಹಾಕಿಸಿದರೆ ರೂಮು ಬೆಳಕಾಗುತ್ತದೆ ಅನ್ನುವ ಚಿಂತೆ ಬಿಡಿ.

ಆಮೇಲೆ ಎರಡರದ್ದೂ ಸಣ್ಣ ಡಬ್ಬಿ ತಂದು ದಪ್ಪ ಡ್ರಾಯಿಂಗ್ ಶೀಟಿಗೆ ಎರಡೆರಡು ಕೋಟು ಹೊಡೆಯಿರಿ. ಗೋಡೆಗೇ ಬಳಿಯಬೇಡಿ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಒಣಗಿದ ಮೇಲೆ ನೆಲದ ಹತ್ತಿರ ಒಮ್ಮೆ, ಕಿಟಕಿ ಪಕ್ಕ ಒಮ್ಮೆ, ಎದುರು ಗೋಡೆಗೆ ಒಮ್ಮೆ ಆನಿಸಿ ನೋಡಿ. ರಾತ್ರಿ ನಿಮ್ಮ ರೂಮಿನದ್ದೇ ಬಲ್ಬಿನಲ್ಲಿ ನೋಡುವುದು ಮರೆಯಬೇಡಿ: 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಬೂದುಬಿಳಿ ಆಸ್ಪತ್ರೆ ವಾರ್ಡಿನ ಹಾಗೆ ಕಾಣಬಹುದು, 3000ದ ಹಳದಿ ಬಲ್ಬಿನಲ್ಲಿ ಅದೇ ಬಣ್ಣ ಹಿತ.

ಉತ್ತರದ ಕಿಟಕಿ ಅಂದರೆ ಯಾವಾಗಲೂ ತಣ್ಣನೆಯ ನೀಲಿ ಬೆಳಕು ಅಂತ ಓದಿ ಹೆದರಿರುತ್ತೀರಿ. ಅದು ಚಳಿದೇಶದವರ ಲೆಕ್ಕ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಸಜ್ಜಾ ಅಡ್ಡ ಬರದಿದ್ದರೆ ಕಿಟಕಿ ಹತ್ತಿರ ಬಿಸಿಲೂ ಬೀಳುತ್ತದೆ.

"ಯಾವುದಾದ್ರೂ ಹಾಕ್ಸಿ ಸಾರ್, ಒಣಗಿದ್ಮೇಲೆ ಎರಡೂ ಒಂದೇ" ಅಂತ ಪೇಂಟರ್ ಹೇಳಬಹುದು. ಎರಡು ದಿನ ನೋಡಿದ ಮೇಲೂ ಶೀಟುಗಳಲ್ಲಿ ಯಾವುದು ಯಾವುದು ಅಂತ ನಿಮಗೇ ಗೊತ್ತಾಗದಿದ್ದರೆ ಅವರು ಹೇಳಿದ್ದೇ ಸರಿ, ಚೀಟಿ ಎತ್ತಿ ಆರಿಸಿ. ಗೊತ್ತಾದರೆ, ನನ್ನ ಓಟು ಬೂದುಬಿಳಿಗೆ. ನೆಲದ ಕೆಂಪು ಹೇಗೂ ಸ್ವಲ್ಪ ಬೆಚ್ಚಗೆ ಮಾಡುತ್ತದೆ, ಮೇಲೆ ಕೆನೆಯೂ ಯಾಕೆ? ಸೀಲಿಂಗಿಗೆ ಮಾತ್ರ ಝಗಮಗ ಬಿಳಿ ಬೇಡ, ಪಕ್ಕದಲ್ಲಿ ಗೋಡೆ ಮಾಸಿದ ಪಂಚೆ ಥರ ಕಾಣುತ್ತದೆ.